ಬೇಳೆ ಮೊದಲು, ಅನ್ನ ಅನಂತರ



ಆಹಾರದ ಕೊರತೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಡಕಲು ಮೈ, ಕುಳಿಬಿದ್ದ ಕೆನ್ನೆ. ಬರಗಾಲಗಳನ್ನು ಕಂಡ ನಾಡಿನಲ್ಲಿ ಇದು ಸಹಜವೇ. ಆದರೆ ಸ್ಥೂಲವಾದ ಮೈಯೂ ಒಳಗೊಳಗೇ ಬಡವಾಗಬಲ್ಲದು. ತೂಕ ಇಳಿಯುತ್ತಿದೆಯೆಂದು ಸುತ್ತಲಿನವರೆಲ್ಲ ಸಂತೋಷಪಡುತ್ತಿರುವ ಹೊತ್ತಿನಲ್ಲಿಯೇ ಆ ಮೈಯ ತ್ರಾಣ ಸೋರಿಹೋಗುತ್ತಿರಬಹುದು. ಇದು ನಮಗೆ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ತೂಕ ಇಳಿಸಲೆಂದು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ಅಲ್ಪವಾದ ಆಹಾರದಲ್ಲಿ ಸಾಕಷ್ಟು ಸಸಾರಜನಕವನ್ನು ಪಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಪ್ರೋಟೀನ್ ಎಂದು ಈಗ ಎಲ್ಲರ ಬಾಯಲ್ಲಿರುವ ವಸ್ತುವಿಗೆ ನಮ್ಮ ಪಠ್ಯಪುಸ್ತಕಗಳು ಕೊಟ್ಟ ಹೆಸರೇ ಸಸಾರಜನಕ.

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯ ಅಧ್ಯಾಪಕಿಯೊಬ್ಬರು ಆಹಾರದ ಸಲಹೆಗಾಗಿ ನನ್ನಲ್ಲಿಗೆ ಬಂದರು. ವಯಸ್ಸು 46. ಮೊದಲು ಅವರ ತೂಕ 112 ಕಿಲೋ. ಜೊತೆಗೆ ಸಿಹಿಮೂತ್ರ ರೋಗ, ಮಂಡಿನೋವು. ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳು ಕಳೆದಿತ್ತು. ತೂಕ 30 ಕಿಲೋ ಇಳಿದಿತ್ತು. ಸಕ್ಕರೆ ಹತೋಟಿಗೆ ಬಂದಿತ್ತು. ಆದರೂ ಆಕೆಯ ಮುಖದಲ್ಲಿ ಗೆಲುವಿರಲಿಲ್ಲ. "ಕಂಡವರೆಲ್ಲ ಎಷ್ಟು ಚೆನ್ನಾಗಿದ್ದೀರಿ ಎನ್ನುತ್ತಾರೆ. ನನಗೋ ನೆಲದ ಮೇಲೆ ಕುಳಿತರೆ ಎರಡು ಕೈಯೂರದೆ ಏಳಲಾಗುವುದಿಲ್ಲ. ಕಪ್ಪುಹಲಗೆಯ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ತೋಳು ಸೋತು ಇಳಿಯುತ್ತದೆ. ಕೂದಲು ಬಾಚಣಿಗೆಯ ತುಂಬ ಬರುತ್ತದೆ" ಎಂದರು.

ಹಿಂದಿನ ದಿನ ಏನೇನು ಸೇವಿಸಿದಿರೆಂದು ವಿಚಾರಿಸಿ ಒಂದೊಂದಾಗಿ ಬರೆದುಕೊಂಡೆ. ಬೆಳಗ್ಗೆ ಒಂದು ಲೋಟ ರಾಗಿ ಅಂಬಲಿ. ಹತ್ತು ಗಂಟೆಗೆ ಎಳನೀರು. ಮಧ್ಯಾಹ್ನ ಮೆತ್ತಗೆ ಬೇಯಿಸಿದ ಮೂರು ಚಮಚ ಅನ್ನ, ತಿಳಿಸಾರು, ತುಸು ತುಪ್ಪ, ಅರ್ಧ ಲೋಟ ಮಜ್ಜಿಗೆ. ಸಂಜೆ ಕಾಫಿ, ಎರಡು ಬಿಸ್ಕತ್ತು. ರಾತ್ರಿ ಬಟ್ಟಲಿನಲ್ಲಿ ಬೇಳೆಯ ಕಟ್ಟು, ಮಲಗುವಾಗ ಸಣ್ಣ ಲೋಟ ಹಾಲು. ಲೆಕ್ಕ ಹಾಕಿ ನೋಡಿದರೆ ಕ್ಯಾಲೊರಿಗಳು 600ನ್ನು ಮೀರಲಿಲ್ಲ. ಸಸಾರಜನಕವಂತೂ 18 ಗ್ರಾಂ ದಾಟಲಿಲ್ಲ. ಆಕೆಗೆ ಬೇಕಾಗಿದ್ದುದು ಅದರ ಮೂರು ಪಟ್ಟಿಗಿಂತಲೂ ಹೆಚ್ಚು.

ಅಡಿಗೆ ಮಾಡಿಕೊಡುತ್ತಿದ್ದವರು ಆಕೆಯ ವೃದ್ಧ ತಾಯಿ. ಮಗಳ ಹೊಟ್ಟೆಗೆ ಕತ್ತರಿ ತಾಗಿದೆ, ಗಟ್ಟಿಯಾದುದು ಜೀರ್ಣವಾಗದೆಂಬ ಭಯದಿಂದ ಬೇಳೆಯನ್ನು ಬೇಯಿಸಿ, ಮೇಲಿನ ಕಟ್ಟನ್ನು ಬಸಿದು ಮಗಳಿಗೆ ಕೊಡುತ್ತಿದ್ದರು. ತಳದಲ್ಲಿ ಉಳಿದ ಬೇಳೆ ಮನೆಯ ಉಳಿದವರ ಹುಳಿಗೆ ಸೇರುತ್ತಿತ್ತು. ಸಾರವೆಲ್ಲ ನೀರಿಗೆ ಇಳಿದಿರುತ್ತದೆಂಬುದು ಆ ತಾಯಿಯ ನಂಬಿಕೆ. ಅದು ಅವರೊಬ್ಬರ ನಂಬಿಕೆಯಲ್ಲ, ನಮ್ಮ ಅನೇಕ ಮನೆಗಳ ನಂಬಿಕೆ. ವಸ್ತುಸ್ಥಿತಿಯಾದರೋ ಇದಕ್ಕೆ ವಿರುದ್ಧವಾಗಿದೆ. ಬೇಳೆಯ ಸಸಾರಜನಕದ ಬಹುಪಾಲು ಬೇಳೆಯಲ್ಲಿಯೇ ನಿಲ್ಲುತ್ತದೆ. ಮಗಳ ಪಾಲಿಗೆ ಬಂದದ್ದು ಬಣ್ಣ, ಉಪ್ಪು ಮತ್ತು ಪರಿಮಳ.

ಈ ಶಸ್ತ್ರಚಿಕಿತ್ಸೆ ದೇಹದಲ್ಲಿ ಮಾಡುವ ಮಾರ್ಪಾಡು ಯಾವುದೆಂಬುದನ್ನು ಮೊದಲು ತಿಳಿಯೋಣ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ವಿಧಾನವನ್ನು ಆರಂಭಿಸಿದರು. ಹುಣ್ಣಿನ ಕಾರಣದಿಂದ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈಗೂಡದೆ ತೆಳ್ಳಗೇ ಉಳಿಯುತ್ತಿದ್ದುದು ಈ ಯೋಚನೆಗೆ ದಾರಿ ತೋರಿತು. ಈ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವನ್ನು ಮಾತ್ರ ಉಳಿಸಿ, ಅದನ್ನು ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಇಂದು ಹೆಚ್ಚಾಗಿ ನಡೆಯುವ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಯಕಾಯಿಯಾಕಾರದ ಒಂದು ಕೊಳವೆಯನ್ನು ಉಳಿಸುತ್ತಾರೆ. ಅದಕ್ಕೆ ಸ್ಲೀವ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಎರಡರಲ್ಲಿಯೂ ಕೆಲವು ತುತ್ತಿಗೇ ಹೊಟ್ಟೆ ತುಂಬುತ್ತದೆ. ಹಸಿವನ್ನು ಕೆರಳಿಸುವ ರಸದೂತಗಳೂ ಕೆಲಕಾಲ ತಗ್ಗುತ್ತವೆ. ಮೊದಲ ಕೆಲವು ವಾರಗಳಲ್ಲಿ ದಿನವೊಂದಕ್ಕೆ 500ರಿಂದ 800 ಕ್ಯಾಲೊರಿ ಸೇವಿಸುವುದೂ ಕಷ್ಟವಾಗುತ್ತದೆ.

ಹೀಗೆ ಆದಾಯ ಕಡಮೆಯಾದಾಗ ದೇಹ ತನ್ನ ಉಳಿತಾಯವನ್ನು ಖರ್ಚು ಮಾಡತೊಡಗುತ್ತದೆ. ಕೊಬ್ಬಿಗೆ ದೇಹದಲ್ಲಿ ದೊಡ್ಡ ಉಗ್ರಾಣವಿದೆ. ಪಿಷ್ಟಕ್ಕೆ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಣ್ಣದೊಂದು ಕಣಜವಿದೆ. ಸಸಾರಜನಕಕ್ಕೆ ಮಾತ್ರ ಉಗ್ರಾಣವಿಲ್ಲ. ಸಾರಜನಕ, ಅಂದರೆ ನೈಟ್ರೋಜನ್, ಉಳ್ಳದ್ದು ಸಸಾರಜನಕ. ಕೊಬ್ಬಿನಲ್ಲಿಯೂ ಪಿಷ್ಟದಲ್ಲಿಯೂ ಈ ಅಂಶವಿಲ್ಲ. ಆದುದರಿಂದ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ದೇಹ ಪ್ರತಿದಿನವೂ ಸಾರಜನಕವನ್ನು ಮೂತ್ರದಲ್ಲಿ ಕಳೆದುಕೊಳ್ಳುತ್ತದೆ; ಅಷ್ಟನ್ನು ಆಹಾರದಿಂದ ತುಂಬಿಕೊಡದಿದ್ದರೆ ಸ್ನಾಯುಗಳನ್ನೇ ಕರಗಿಸಿ ಸರಿತೂಗಿಸುತ್ತದೆ. ಅಂಗಳದಲ್ಲಿ ಸೌದೆಯ ರಾಶಿ ಬಿದ್ದಿರುವಾಗಲೇ ಮನೆಯ ತೊಲೆಯನ್ನು ಕಡಿದು ಒಲೆಗಿಟ್ಟಂತೆ ಇದು. ಶಸ್ತ್ರಚಿಕಿತ್ಸೆಯ ಅನಂತರ ಇಳಿಯುವ ತೂಕದಲ್ಲಿ ಐದರಲ್ಲೊಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕೊಬ್ಬಲ್ಲದ ಅಂಶವೇ ಆಗಿರುತ್ತದೆ. ಇದನ್ನು ಪೂರ್ತಿಯಾಗಿ ತಡೆಯಲಾಗದು. ಆದರೆ ತಕ್ಕಮಟ್ಟಿಗೆ ತಗ್ಗಿಸಬಹುದು. ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂಬ ಭೇದ ತಿಳಿಯದು. ನಮ್ಮ ಅಧ್ಯಾಪಕಿಯ ತೋಳಿಗೆ ಮಾತ್ರ ಅದು ತಿಳಿದಿತ್ತು.

ಹಾಗಾದರೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾನದಂಡದಂತೆ ಆರೋಗ್ಯವಂತನಾದ ಭಾರತೀಯ ವಯಸ್ಕನಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಸಾಕು. 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ. ಜಠರದ ಶಸ್ತ್ರಚಿಕಿತ್ಸೆಯಾದವರಿಗೆ ತಜ್ಞರು ವಿಧಿಸುವ ಕನಿಷ್ಠ ಪ್ರಮಾಣ ದಿನಕ್ಕೆ 60 ಗ್ರಾಂ. ಆದರ್ಶ ತೂಕದ ಕಿಲೋ ಒಂದಕ್ಕೆ 1.5 ಗ್ರಾಂವರೆಗೂ ಹೋಗಬಹುದು. ಕಡಮೆ ಉಣ್ಣುವವರಿಗೆ ಹೆಚ್ಚು ಸಸಾರಜನಕವೇ ಎಂದು ನೀವು ಆಶ್ಚರ್ಯಪಡಬಹುದು. ಶಕ್ತಿಯ ಕೊರತೆಯಿರುವಾಗ ತಿಂದ ಸಸಾರಜನಕದ ಒಂದು ಪಾಲು ಸೌದೆಯಾಗಿಯೇ ಉರಿದುಹೋಗುತ್ತದೆ. ಕಟ್ಟಡದ ಕೆಲಸಕ್ಕೂ ಉಳಿಯಬೇಕಾದರೆ ಹೆಚ್ಚಾಗಿಯೇ ಒದಗಿಸಬೇಕು.

ಇಲ್ಲಿ ನಮ್ಮ ಊಟದ ಕ್ರಮದ ಪ್ರಶ್ನೆ ಬರುತ್ತದೆ. ಮೈಸೂರು ಸೀಮೆಯ ಊಟವೆಂದರೆ ನಡುವೆ ಅನ್ನ ಅಥವಾ ಮುದ್ದೆ. ಅದನ್ನು ಇಳಿಸಲು ಸಾರು. ಅಂಚಿನಲ್ಲಿ ಪಲ್ಯ, ಒಂದು ಚಮಚ ಕೋಸಂಬರಿ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವನಿಗೆ ಈ ಕ್ರಮ ಹೇಗೋ ಸಾಗುತ್ತದೆ. ಧಾನ್ಯದಿಂದಲೇ ಅವನಿಗೆ ಸಾಕಷ್ಟು ಸಸಾರಜನಕ ಸೇರಿಬಿಡುತ್ತದೆ. 700 ಕ್ಯಾಲೊರಿ ಉಣ್ಣುವವನಿಗೆ ಸಾಗದು. ಸಂಸಾರದ ಹಣವನ್ನು ಲೆಕ್ಕವಿಡುವಂತೆ ಇದನ್ನೂ ಲೆಕ್ಕವಿಡೋಣ. ಕ್ಯಾಲೊರಿಗಳನ್ನು ನಾಣ್ಯವೆಂದು ಭಾವಿಸಿ, 10 ಗ್ರಾಂ ಸಸಾರಜನಕಕ್ಕೆ ಯಾವ ಆಹಾರ ಎಷ್ಟು ಬೆಲೆ ಕೇಳುತ್ತದೆಂದು ನೋಡಿರಿ. ಅಕ್ಕಿಯಾಗಲಿ ರಾಗಿಯಾಗಲಿ ಸುಮಾರು 450 ಕ್ಯಾಲೊರಿ ಕೇಳುತ್ತದೆ. ಪೌಷ್ಟಿಕವೆಂದು ಹೆಸರಾದ ಕಡಲೆಕಾಯಿ ಬೀಜ, ತನ್ನಲ್ಲಿರುವ ಎಣ್ಣೆಯ ದೆಸೆಯಿಂದ, 220ಕ್ಕೂ ಹೆಚ್ಚು ಕೇಳುತ್ತದೆ. ತೊಗರಿಬೇಳೆ ಸುಮಾರು 150. ಪನೀರು ಹೆಚ್ಚುಕಡಮೆ ಅಷ್ಟೇ. ಕೋಳಿಮೊಟ್ಟೆ 120ರ ಆಸುಪಾಸು. ಕೆನೆ ತೆಗೆದ ಹಾಲು ಸುಮಾರು 100. ಎಣ್ಣೆ ತೆಗೆದ ಸೋಯಾ ಉಂಡೆಗಳು 70ರ ಸಮೀಪ. ಇಡೀ ದಿನದ 600 ಕ್ಯಾಲೊರಿಯನ್ನೂ ಅನ್ನಕ್ಕೇ ಸುರಿದರೂ ಕೈಗೆ ಸಿಕ್ಕುವುದು 13 ಗ್ರಾಂ. ಅಂಬಲಿಯಲ್ಲಿ ದೋಷವಿಲ್ಲ, ಇಂಥ ಹೊಟ್ಟೆಗೆ ಅದು ದುಬಾರಿ, ಅಷ್ಟೆ.

ಆದುದರಿಂದ ನಾನು ಹೇಳಬೇಕಾದ ಮುಖ್ಯ ಸಂಗತಿ ಇದೊಂದೇ: ಜಠರ ಕಿರಿದಾದ ಮೇಲೆ ಊಟದ ಸರದಿಯನ್ನು ತಿರುಗಿಸಬೇಕು. ಮೊದಲ ತುತ್ತು ಬೇಳೆಯದು, ಕಾಳಿನದು, ಗಟ್ಟಿಮೊಸರಿನದು. ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು, ಕೋಳಿಯದು. ಎರಡನೆಯದು ತರಕಾರಿ. ಸ್ಥಳ ಉಳಿದರೆ ಮಾತ್ರ ಅನ್ನ.

ಇದಕ್ಕಾಗಿ ಪರದೇಶದ ಪದಾರ್ಥಗಳನ್ನು ಹುಡುಕಿ ಹೋಗಬೇಕಾಗಿಲ್ಲ. ಅಧ್ಯಾಪಕಿಯ ಕೈಯಲ್ಲಿದ್ದ ಅಚ್ಚಿನ ಪಟ್ಟಿಯಲ್ಲಿ ಚೀಸು, ಟ್ಯೂನಾ ಮೀನು, ಟರ್ಕಿ ಕೋಳಿ ಎಂದೆಲ್ಲ ಇತ್ತು. ಹುಟ್ಟಾ ಸಸ್ಯಾಹಾರಿಯಾದ ಆಕೆ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟುಬಿಟ್ಟಿದ್ದರು. ನಾವಿಬ್ಬರೂ ಆಕೆಯ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇರೊಂದು ಪಟ್ಟಿ ಮಾಡಿದೆವು. ಬೆಳಗ್ಗೆ ವೈದ್ಯರು ಒಪ್ಪಿದ ಹಾಲಿನ ಸಸಾರಜನಕದ ಪುಡಿ ಒಂದು ಅಳತೆ, ಒಂದು ಲೋಟ ಕೆನೆ ತೆಗೆದ ಹಾಲಿನಲ್ಲಿ: 26 ಗ್ರಾಂ. ಹತ್ತು ಗಂಟೆಗೆ 30 ಗ್ರಾಂ ಹೆಸರುಕಾಳನ್ನು ನೆನೆಸಿ ಅರೆದು ಹುಯ್ದ ಒಂದು ಮೆತ್ತನೆಯ ದೋಸೆ: 7 ಗ್ರಾಂ. ಮಧ್ಯಾಹ್ನ 30 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ ಮತ್ತು 40 ಗ್ರಾಂ ಪನೀರು: ಸುಮಾರು 13 ಗ್ರಾಂ, ಅನಂತರ ಬೇಕಾದರೆ ಎರಡು ಚಮಚ ಅನ್ನ. ಸಂಜೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು 100 ಗ್ರಾಂ: 6 ಗ್ರಾಂ. ರಾತ್ರಿ 15 ಗ್ರಾಂ ಸೋಯಾ ಉಂಡೆಗಳನ್ನು ಬೇಯಿಸಿ, ಹಿಂಡಿ, ಸಣ್ಣಗೆ ಹೆಚ್ಚಿ ಸೊಪ್ಪಿನೊಡನೆ ಮಾಡಿದ ಪಲ್ಯ: 7 ಗ್ರಾಂಗೂ ತುಸು ಹೆಚ್ಚು. ಒಟ್ಟು 60 ಗ್ರಾಂ. ಕ್ಯಾಲೊರಿ 800ರ ಒಳಗೆ. ಬೇಸರ ಬಂದ ದಿನ ತೊವ್ವೆಯ ಬದಲು ಹಬೆಯಲ್ಲಿ ಬೆಂದ ನುಚ್ಚಿನುಂಡೆ, ಸೋಯಾದ ಬದಲು ಅವರೆಕಾಳಿನ ಉಸಲಿ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ ಕೋಳಿಮಾಂಸ 50 ಗ್ರಾಂನಲ್ಲಿ 14 ಗ್ರಾಂವರೆಗೆ ದೊರೆಯುತ್ತದೆ. ಅವರ ದಾರಿ ಇನ್ನೂ ಸುಲಭ.

ಈ ಪಟ್ಟಿ ಐದು ತಿಂಗಳು ಕಳೆದವರದು ಎಂಬುದನ್ನು ಮರೆಯಬಾರದು. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ದ್ರವಾಹಾರ, ಬಳಿಕ ನುಣ್ಣಗೆ ಅರೆದದ್ದು, ಬಳಿಕ ಮೆತ್ತನೆಯದು ಎಂಬ ಕ್ರಮವಿದೆ. ಪ್ರತಿಯೊಂದು ಮೆಟ್ಟಿಲನ್ನೂ ವೈದ್ಯರು ಹೇಳಿದಂತೆಯೇ ಏರಬೇಕು. ದ್ರವದ ದಿನಗಳಲ್ಲಿಯೂ ಬರಿಯ ಬೇಳೆಕಟ್ಟಿಗಿಂತ, ವೈದ್ಯರು ಅನುಮತಿ ಕೊಟ್ಟೊಡನೆ, ಬೇಳೆಯನ್ನೂ ಸೇರಿಸಿ ನುಣ್ಣಗೆ ಕಡೆದು ಸೋಸಿದ ತೆಳುವಾದ ತೊವ್ವೆ ಮೇಲು. ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವವರು ಮೊಸರು, ಪನೀರುಗಳನ್ನು ಆಶ್ರಯಿಸಬಹುದು. ಊಟದ ಜೊತೆಯಲ್ಲಿ ನೀರು ಕುಡಿಯಕೂಡದು. ಇರುವ ಅಲ್ಪ ಸ್ಥಳವನ್ನು ನೀರೇ ಆಕ್ರಮಿಸುತ್ತದೆ. ಊಟವಾಗಿ ಅರ್ಧ ಗಂಟೆ ಕಳೆದ ಬಳಿಕ ಗುಟುಕು ಗುಟುಕಾಗಿ, ದಿನವಿಡೀ ಸೇರಿ ಒಂದೂವರೆ ಲೀಟರಿಗೆ ಕಡಮೆಯಿಲ್ಲದಂತೆ ಕುಡಿಯಬೇಕು. ಪಾಯಸ, ಪಾನಕಗಳಂಥ ಸಿಹಿ ಪದಾರ್ಥಗಳು, ಮುಖ್ಯವಾಗಿ ಬೈಪಾಸ್ ಆದವರಲ್ಲಿ, ಒಮ್ಮೆಲೇ ಕರುಳಿಗೆ ನುಗ್ಗಿ ಎದೆಬಡಿತ, ಬೆವರು, ತಲೆಸುತ್ತನ್ನು ತರುತ್ತವೆ.

ಸಸಾರಜನಕದ ಪ್ರಮಾಣದಂತೆ ಅದರ ಗುಣವೂ ಮುಖ್ಯ. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ 9 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಒಂದು ಕಡಮೆಯಾದರೂ ಉಳಿದವು ಪೂರ್ಣವಾಗಿ ಉಪಯೋಗಕ್ಕೆ ಬಾರವು. ಧಾನ್ಯದಲ್ಲಿ ಲೈಸೀನ್ ಕಡಮೆ, ಬೇಳೆಯಲ್ಲಿ ಮೆಥಿಯೊನೀನ್ ಕಡಮೆ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಆ ಎರಡು ಚಮಚ ಅನ್ನವನ್ನು ನಾನು ಪೂರ್ತಿ ತೆಗೆದುಹಾಕದಿರುವುದಕ್ಕೆ ಇದೂ ಒಂದು ಕಾರಣ. ಗುಣವನ್ನು ಅಲಕ್ಷಿಸಿದರೆ ಒದಗುವ ಅಪಾಯಕ್ಕೆ ಒಂದು ಉದಾಹರಣೆಯುಂಟು. 1976ರ ಸುಮಾರಿಗೆ ಅಮೆರಿಕದಲ್ಲಿ ತೂಕ ಇಳಿಸುವವರ ನಡುವೆ ದ್ರವ ಪ್ರೋಟೀನ್ ಪಥ್ಯವೆಂಬುದು ಬಹಳ ಪ್ರಚಾರಕ್ಕೆ ಬಂತು. ಪ್ರಾಣಿಗಳ ಚರ್ಮ ಮೊದಲಾದವುಗಳಿಂದ ತೆಗೆದ ಕೊಲ್ಯಾಜನ್ ದ್ರವವೇ ಅವರ ಮುಖ್ಯ ಆಹಾರ. ದಿನಕ್ಕೆ 300ರಿಂದ 400 ಕ್ಯಾಲೊರಿ. ಕೊಲ್ಯಾಜನ್‌ನಲ್ಲಿ ಟ್ರಿಪ್ಟೊಫಾನ್ ಎಂಬ ಅವಶ್ಯ ಅಮೈನೋ ಆಮ್ಲ ಇಲ್ಲವೇ ಇಲ್ಲ. 1978ರ ಹೊತ್ತಿಗೆ ಈ ಪಥ್ಯದಲ್ಲಿದ್ದ ಐವತ್ತಕ್ಕೂ ಹೆಚ್ಚು ಮಂದಿಯ ಸಾವು ವರದಿಯಾಯಿತು. ಹೃದಯದ ಬಡಿತ ಲಯತಪ್ಪಿ ಹಠಾತ್ತನೆ ಮರಣಹೊಂದಿದವರು ಅವರಲ್ಲಿದ್ದರು. ಇಂದೂ ಅಂಗಡಿಗಳಲ್ಲಿ ಕೊಲ್ಯಾಜನ್ ಪುಡಿ ಆಕರ್ಷಕವಾದ ಡಬ್ಬಿಗಳಲ್ಲಿ ಕುಳಿತಿದೆ. ಚರ್ಮದ ಕಾಂತಿಗೆಂದು ಕೊಳ್ಳುವವರು ಕೊಳ್ಳಲಿ. 60 ಗ್ರಾಂಗಳ ಲೆಕ್ಕದಲ್ಲಿ ಅದನ್ನು ಸೇರಿಸಬಾರದು. ಹಾಲಿನ ಅಥವಾ ಸೋಯಾದ ಸಸಾರಜನಕವೇ ಬೇಕು.

ಕೆಲವು ಎಚ್ಚರಿಕೆಗಳನ್ನು ಹೇಳದೆ ಹೋದರೆ ಕರ್ತವ್ಯಲೋಪವಾಗುತ್ತದೆ. ಶಸ್ತ್ರಚಿಕಿತ್ಸೆಯ ಮೂರು ತಿಂಗಳ ಬಳಿಕ ಸ್ವಲ್ಪ ಕೂದಲು ಉದುರುವುದು ಸಾಮಾನ್ಯ. ಅದು ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಆದರೆ ತಿಂಗಳುಗಟ್ಟಲೆ ಮುಂದುವರಿದರೆ, ಕಾಲು ಊದಿಕೊಂಡರೆ, ಗಾಯ ಮಾಯದಿದ್ದರೆ, ಮೆಟ್ಟಿಲು ಹತ್ತುವುದು ದಿನದಿನಕ್ಕೆ ಕಷ್ಟವಾದರೆ, ಪರೀಕ್ಷೆ ಮಾಡಿಸಲೇಬೇಕು. ಪದೇ ಪದೇ ವಾಂತಿಯಾಗುತ್ತಿದ್ದರೆ ಒಂದು ದಿನವೂ ಕಾಯಬಾರದು. ಬಿ1 ಜೀವಸತ್ವ ಬೇಗನೆ ಬರಿದಾಗಿ ನರಗಳಿಗೂ ಮಿದುಳಿಗೂ ಶಾಶ್ವತವಾದ ಹಾನಿ ತಟ್ಟಬಹುದು. ಬಿ12, ಕಬ್ಬಿಣ, ಸುಣ್ಣಾಂಶ, ಡಿ ಜೀವಸತ್ವಗಳ ಮಾತ್ರೆಗಳನ್ನು ಚೆನ್ನಾಗಿದ್ದೇನೆಂದು ನಿಲ್ಲಿಸತಕ್ಕದ್ದಲ್ಲ. ಅವು ಜೀವಮಾನದ ಜೊತೆಗಾರರು. ಮೂತ್ರಪಿಂಡದ ಕಾಯಿಲೆಯಿರುವವರು ಸಸಾರಜನಕದ ಪ್ರಮಾಣವನ್ನು ತಮ್ಮ ವೈದ್ಯರಿಂದಲೇ ಗೊತ್ತುಮಾಡಿಸಿಕೊಳ್ಳಬೇಕು. ಇನ್ನೊಂದು ಮಾತು: ಸಸಾರಜನಕವನ್ನು ತಿಂದ ಮಾತ್ರಕ್ಕೆ ಸ್ನಾಯು ಉಳಿಯದು. ಅದಕ್ಕೆ ಕೆಲಸ ಕೊಡಬೇಕು. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಸಣ್ಣ ತೂಕಗಳನ್ನು ಎತ್ತುವುದು, ಇಷ್ಟರಿಂದ ಆರಂಭಿಸಿದರೆ ಸಾಕು.

ಇವೆಲ್ಲಕ್ಕಿಂತ ಕಠಿನವಾದ ತೊಡಕು ಅಡಿಗೆಮನೆಯದಲ್ಲ, ಸಮಾಜದ್ದು. ಅಧ್ಯಾಪಕಿ ತಾವು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸಂಗತಿಯನ್ನು ಶಾಲೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. "ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಯಿಸಿಕೊಂಡಳು ಎನ್ನುತ್ತಾರೆ" ಎಂದು ಆಕೆಯ ಅಳುಕು. ಆದುದರಿಂದ ಮದುವೆ ಮುಂಜಿಗಳ ಪಂಕ್ತಿಯಲ್ಲಿ ಎಲ್ಲರಂತೆ ಅನ್ನವನ್ನೇ ಕಲಸುತ್ತ, ಎರಡು ತುತ್ತು ನುಂಗಿ, ಹೊಟ್ಟೆ ತುಂಬಿತೆಂದು ಏಳುತ್ತಿದ್ದರು. ಅನ್ನ ಬೇಡ, ಕೋಸಂಬರಿಯನ್ನು ಇನ್ನೊಂದು ಸಲ ಬಡಿಸಿ ಎನ್ನಲು ಅವರಿಗೆ ನಾಲಗೆ ಬರುತ್ತಿರಲಿಲ್ಲ. ಸ್ಥೂಲತೆಯನ್ನು ನಾವು ರೋಗವೆಂದು ಕಾಣದೆ ನಡತೆಯ ದೋಷವೆಂದು ಕಾಣುವವರೆಗೂ ಚಿಕಿತ್ಸೆ ಪಡೆದವರು ಹೀಗೆ ಮರೆಮಾಚಿಯೇ ಬದುಕಬೇಕಾಗುತ್ತದೆ. ಮರೆಮಾಚಿದವರು ಬೇಕಾದುದನ್ನು ಕೇಳಿ ಉಣ್ಣಲಾರರು. ಕಣ್ಣಿನ ಪೊರೆ ತೆಗೆಸಿಕೊಂಡವರನ್ನು ನಾವು ಹಂಗಿಸುವುದಿಲ್ಲ. ಇವರನ್ನು ಮಾತ್ರ ಏಕೆ ಹಂಗಿಸಬೇಕು?

ಅಂದು ಲೆಕ್ಕವೆಲ್ಲ ಮುಗಿದ ಮೇಲೆ ಆ ವೃದ್ಧ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಹಾಗಾದರೆ ಇಷ್ಟು ದಿನ ನಾನು ಮಗುವಿಗೆ ನೀರನ್ನೇ ಕೊಟ್ಟೆನೆ?" ಎಂದು ಕೇಳಿದರು. ಅವರನ್ನು ಸಮಾಧಾನಪಡಿಸುವುದು ಸುಲಭವಾಗಲಿಲ್ಲ. ತಪ್ಪು ಅವರದಲ್ಲ, ಯಾರೂ ಅವರಿಗೆ ಅವರ ಅಡಿಗೆಮನೆಯ ಭಾಷೆಯಲ್ಲಿ ಇದನ್ನು ಹೇಳಿರಲಿಲ್ಲ. ಮರುದಿನದಿಂದ ಮೊದಲ ಸೌಟು ತೊವ್ವೆ ಮಗಳಿಗೆ ಬಿತ್ತು. ಮೂರು ತಿಂಗಳು ಕಳೆದು ಅಧ್ಯಾಪಕಿ ಬಂದಾಗ ತೂಕ ಇನ್ನೂ 8 ಕಿಲೋ ಇಳಿದಿತ್ತು. ಅವರು ಅದನ್ನು ಹೇಳಲಿಲ್ಲ. ಹಲಗೆಯ ತುಂಬ ಬರೆದರೂ ತೋಳು ನೋಯುವುದಿಲ್ಲವೆಂದರು. ಗೌರಿಹಬ್ಬದಲ್ಲಿ ನೆಲದ ಮೇಲೆ ಕುಳಿತು ಪೂಜೆ ಮಾಡಿ ಒಂದೇ ಕೈಯೂರಿ ಎದ್ದೆನೆಂದರು.

ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ಚಿಕಿತ್ಸೆ ಪಡೆದವರಿದ್ದರೆ, ಎಷ್ಟು ಕಿಲೋ ಇಳಿದಿರಿ ಎಂದು ಕೇಳುವ ಮೊದಲು, ಇಂದು ಬೇಳೆ ಎಷ್ಟು ಉಂಡಿರಿ ಎಂದು ಕೇಳಿರಿ. ಬಡಿಸುವಾಗ ಸೌಟನ್ನು ಪಾತ್ರೆಯ ತಳದವರೆಗೂ ಇಳಿಸಿರಿ.